ಕೂಸಿಗೆ ಕಿವಿ ಕೇಳುತ್ತದೆಯೇ?

"ತಟ್ಟೆ ಬಡಿದ್ರೆ ತಿರುಗ್ತಾನೆ ಸಾರ್, ಕಿವಿ ಚೆನ್ನಾಗೇ ಕೇಳಿಸ್ತದೆ. ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು."

ಲಕ್ಕೂರಿನ ಸುತ್ತಮುತ್ತಲ ಹಳ್ಳಿಗಳಿಂದ ಮೊಮ್ಮಕ್ಕಳನ್ನು ಕರೆತರುವ ಅಜ್ಜಿಯರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಆದರೆ ಮಗು ತಿರುಗಿದ್ದು ಶಬ್ದಕ್ಕಲ್ಲ, ಕೈಯ ನೆರಳಿಗೋ ನೆಲದ ಅದುರಿಗೋ ಇರಬಹುದು. ತಟ್ಟೆಯನ್ನು ನಂಬಿ ಕೂರುವಂತಿಲ್ಲ.

ಮಾತು ಬಾರದ ಮಗುವಿನ ಪರವಾಗಿ ಅದರ ನರಗಳೇ ಉತ್ತರ ಹೇಳುವ ಪರೀಕ್ಷೆಯೊಂದಿದೆ. ಅದರ ಹೆಸರು 'ಬೆರಾ'. ನಾವು ಕೇಳುವ ಶಬ್ದ ಒಳಗಿವಿಯಲ್ಲಿ ವಿದ್ಯುತ್ ಸಂಕೇತವಾಗಿ, ಶ್ರವಣನರದ ಮೂಲಕ ಮಿದುಳಿನ ಕಾಂಡಕ್ಕೆ ಸಾಗುತ್ತದೆ. ಪರೀಕ್ಷೆಯಲ್ಲಿ ಹಣೆಗೂ ಕಿವಿಗಳ ಹಿಂಭಾಗಕ್ಕೂ ಪುಟ್ಟ ಎಲೆಕ್ಟ್ರೋಡುಗಳನ್ನು ಅಂಟಿಸಿ, ಕಿವಿಯಲ್ಲಿ 'ಟಕ್ ಟಕ್' ಶಬ್ದ ಕೇಳಿಸುತ್ತಾರೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಅಲೆಗಳು ಮೂಡುತ್ತವೆ. ಅಮೆರಿಕದ ಜೆವೆಟ್ ಮತ್ತು ವಿಲಿಸ್ಟನ್ 1971ರಲ್ಲಿ ಇವುಗಳನ್ನು ವಿವರವಾಗಿ ವರ್ಣಿಸಿದರು. ಐದನೆಯ ಅಲೆ ಮುಖ್ಯವಾದುದು. ಶಬ್ದವನ್ನು ತಗ್ಗಿಸುತ್ತಾ ಹೋದಂತೆ ಅದು ಎಲ್ಲಿಯವರೆಗೆ ಕಾಣುತ್ತದೆ ಎಂಬುದರಿಂದ ಶ್ರವಣಶಕ್ತಿಯ ಅಂದಾಜು ಸಿಗುತ್ತದೆ.

ಈ ವಿದ್ಯುತ್ತು ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಮಿದುಳಿನ ಇತರ ವಿದ್ಯುತ್ತಿನ ನಡುವೆ ಅದು ಸಂತೆಯ ಗದ್ದಲದಲ್ಲಿ ಪಿಸುಮಾತಿನಂತೆ. ಆದ್ದರಿಂದ ಸಾವಿರಾರು ಸಲ ಶಬ್ದ ಕೊಟ್ಟು ಸರಾಸರಿ ತೆಗೆಯುತ್ತಾರೆ. ಗದ್ದಲ ಅಳಿದು ಪಿಸುಮಾತು ಉಳಿಯುತ್ತದೆ.

ಮಗುವಿಗೆ ಕರೆಂಟು ಕೊಡುತ್ತಾರೆಂಬ ಭಯ ಬೇಡ. ಯಂತ್ರ ಅಳೆಯುವುದು ಮಗುವಿನದೇ ವಿದ್ಯುತ್ತನ್ನು. ನೋವಿಲ್ಲ, ಸೂಜಿಯಿಲ್ಲ. ಹಾಲು ಕುಡಿಸಿ ಮಲಗಿಸಿದರೆ ಸಾಕು. ಕೆಲವು ಮಕ್ಕಳಿಗೆ ವೈದ್ಯರು ನಿದ್ರೆಯ ಔಷಧಿ ಕೊಡಬಹುದು. ಇದೇ ತತ್ವದಿಂದ ಕಣ್ಣಿನ ನರವನ್ನೂ ಕೈಕಾಲಿನ ಸ್ಪರ್ಶದ ಹಾದಿಯನ್ನೂ ಪರೀಕ್ಷಿಸುತ್ತಾರೆ.

ಯಾರಿಗೆ ಹೆಚ್ಚು ಎಚ್ಚರ ಬೇಕು? ದಿನ ತುಂಬದೆ ಹುಟ್ಟಿದ, ತೂಕ ತೀರಾ ಕಡಿಮೆಯಿದ್ದ, ತೀವ್ರ ಕಾಮಾಲೆ ಅಥವಾ ಮಿದುಳು ಜ್ವರ ಬಂದಿದ್ದ ಮಕ್ಕಳಿಗೆ. ಗರ್ಭಿಣಿಯಾಗಿದ್ದಾಗ ತಾಯಿಗೆ ರುಬೆಲ್ಲಾ ತಗುಲಿದ್ದರೆ. ಸೋದರಮಾವ, ಅತ್ತೆಮಕ್ಕಳಂಥ ರಕ್ತಸಂಬಂಧದ ಮದುವೆಯಾಗಿದ್ದರೆ ಅಥವಾ ಮನೆತನದಲ್ಲಿ ಕಿವುಡಿದ್ದರೆ. ಇದಾವುದೂ ಇಲ್ಲದ ಮಗುವಿಗೂ ಕಿವುಡು ಇರಬಹುದು. ಹೀಗಾಗಿ ಒಂದು ತಿಂಗಳೊಳಗೆ ಎಲ್ಲ ಮಕ್ಕಳಿಗೂ ತಪಾಸಣೆ, ಅನುಮಾನವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಆಗಬೇಕು. ಮಿದುಳು ಮಾತು ಕಲಿಯುವ ಕಾಲ ಅದೇ. ಶ್ರವಣಯಂತ್ರವಾಗಲಿ ಕಾಕ್ಲಿಯರ್ ಇಂಪ್ಲಾಂಟ್ ಆಗಲಿ, ತಡವಾದಷ್ಟೂ ಫಲ ಕಡಿಮೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆಗೆ ಹೆಸರಾದುದು. ನಮ್ಮ ಕಡೆಯವರಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳು ಹತ್ತಿರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಅಪ್ಪ ತಡವಾಗಿ ಮಾತಾಡಿದ್ದಿರಬಹುದು. ಮಗನ ಕಿವಿಯನ್ನು ಮಾತ್ರ ಈಗಲೇ ತೋರಿಸಿ.