ಹಳೆಯ ರಿವಾಲ್ವರಿನ ಒಳಭಾಗಗಳು: ನೀರು ಮೊದಲು, ಕೀಲೆಣ್ಣೆ ಅನಂತರ

ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದು ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಶುಚಿಗೊಳಿಸಿ, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುವುದು ರೂಢಿ. ಜೂನ್‌ನಿಂದ ಸುರಿದ ಮಳೆಯ ತೇವವನ್ನು ಉಕ್ಕು ಮೂರು ತಿಂಗಳು ಸಹಿಸಿರುವ ಕಾಲವದು. ಹೊರಮೈಯ ತುಕ್ಕು ಕಣ್ಣಿಗೆ ಬೀಳುತ್ತದೆ, ಒಳಗಿನದು ಬೀಳುವುದಿಲ್ಲ. ಅನೇಕ ಸಣ್ಣ ಭಾಗಗಳು ಒಂದನ್ನೊಂದು ಅನುಸರಿಸಿ ಚಲಿಸುವ ರಿವಾಲ್ವರಿನಲ್ಲಿ ಈ ಭೇದವು ಬಹು ಮುಖ್ಯವಾದುದು.

ಎಣ್ಣೆ ಸವರಿದರೆ ಸಾಕೆಂಬ ಭಾವನೆ ಸಾಮಾನ್ಯವಾಗಿದೆ. ರಸಾಯನಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಹಳೆಯ ಕರಿಮದ್ದಿನಲ್ಲಿ ಪೆಟ್ಲುಪ್ಪು ಸುಮಾರು 75 ಭಾಗ, ಇದ್ದಿಲು 15 ಭಾಗ, ಗಂಧಕ 10 ಭಾಗ ಇರುತ್ತವೆ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚಿನ ಅಂಶವು ಪೊಟ್ಯಾಸಿಯಂ ಲವಣಗಳೇ ಮೊದಲಾದ ಘನರೂಪದಲ್ಲಿ ಉಳಿಯುತ್ತದೆ. ಬ್ರಿಟಿಷ್ ಸೈನ್ಯವು 1887ರಲ್ಲಿ ಸ್ವೀಕರಿಸಿದ ವೆಬ್ಲಿ ರಿವಾಲ್ವರು ಈ ಮದ್ದಿನ ಕಾಲದ್ದು. ತರುವಾಯ ಹೊಗೆಯಿಲ್ಲದ ಮದ್ದು ಬಂದರೂ, ಅನೇಕ ಸೈನಿಕ ತೋಟಾಗಳ ಬುಡದ ಸ್ಫೋಟಕದಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಪೊಟ್ಯಾಸಿಯಂ ಕ್ಲೋರೈಡನ್ನು ಬಿಡುತ್ತಿತ್ತು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 84ರಷ್ಟನ್ನು ಮೀರಿದಾಗ ಈ ಲವಣವು ತೇವವನ್ನು ಹೀರಿ ತಾನಾಗಿಯೇ ಕರಗತೊಡಗುತ್ತದೆ. ಕೊಡಗಿನ ಮಳೆಗಾಲದಲ್ಲಿ ಇಂತಹ ಆರ್ದ್ರತೆ ಅಪರೂಪವಲ್ಲ. ಲವಣವು ನೀರಿನಲ್ಲಿ ಕರಗುತ್ತದೆಯೇ ಹೊರತು ಖನಿಜ ತೈಲದಲ್ಲಿ ಕರಗದು. ಆದುದರಿಂದ ಅದರ ಮೇಲೆ ಎಣ್ಣೆ ಸವರುವುದೆಂದರೆ ಶತ್ರುವನ್ನು ಮನೆಯೊಳಗಿಟ್ಟು ಬಾಗಿಲು ಹಾಕಿದಂತೆ.

ಕ್ರಮವಿದು. ಮೊದಲು ಪ್ರತಿಯೊಂದು ಗೂಡೂ ಬರಿದಾಗಿದೆಯೆಂದು ಕಣ್ಣಾರೆ ಕಂಡು ನಿಶ್ಚಯಿಸಿಕೊಳ್ಳಬೇಕು. ಬಳಿಕ ಬಿಚ್ಚಿ ತೆಗೆದ ಉರುಳೆಯನ್ನೂ ನಳಿಗೆಯ ಒಳಮೈಯನ್ನೂ ಬಿಸಿನೀರು, ಕುಂಚಗಳಿಂದ ತೊಳೆದು, ತೇವದ ಲೇಶವೂ ಉಳಿಯದಂತೆ ಒಣಗಿಸಬೇಕು. ಅನಂತರ ಉರುಳೆಯ ಅಚ್ಚು, ಟ್ರಿಗರ್ ಮತ್ತು ಸುತ್ತಿಗೆಗಳ ಕೀಲು, ಇವುಗಳಿಗೆ ತೆಳುವಾದ ಖನಿಜ ತೈಲದ ಒಂದೊಂದು ಹನಿ ಸಾಕು. ಹೆಚ್ಚಾದ ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ; ತೋಟಾದ ಬುಡಕ್ಕೆ ಹರಿದರೆ ಅದನ್ನು ನಿಷ್ಫಲಗೊಳಿಸಲೂಬಹುದು. ಮನೆಯಲ್ಲಿ ಸುಲಭವಾಗಿ ದೊರೆಯುವ ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ, ಮಡಿಕೇರಿಯಂತಹ ತಂಪಿನ ಊರಿನಲ್ಲಿ ಕೀಲುಗಳಿಗೆ ಸಲ್ಲದು. ಉಪ್ಪುಕಾಗದದಿಂದ ಉಜ್ಜುವುದೂ ತಪ್ಪು. ಅದು ತುಕ್ಕಿನೊಡನೆ ಉಕ್ಕಿನ ರಕ್ಷಾಲೇಪವನ್ನೂ, ತಯಾರಕರ ಗುರುತು ಮತ್ತು ಸಂಖ್ಯೆಗಳನ್ನೂ ಅಳಿಸುತ್ತದೆ.

ಶುಚಿಯಾದ ಆಯುಧವೆಲ್ಲ ಸುರಕ್ಷಿತವಾದುದಲ್ಲ ಎಂಬುದನ್ನೂ ಮರೆಯಲಾಗದು. ಸುತ್ತಿಗೆಯನ್ನು ತಡೆದು ನಿಲ್ಲಿಸುವ ಕಚ್ಚು ಸವೆದಿದ್ದರೆ, ಟ್ರಿಗರನ್ನು ಎಳೆಯದೆಯೇ ಗುಂಡು ಹಾರುವ ಅಪಾಯವಿದೆ. ಸ್ಪ್ರಿಂಗು, ಕಚ್ಚುಗಳಿರುವ ಚೌಕಟ್ಟಿನ ಒಳಭಾಗವನ್ನು ಬಿಚ್ಚುವ ಕಾರ್ಯ ಪರವಾನಗಿ ಪಡೆದ ಕುಶಲನಿಗೆ ಸೇರಿದುದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿ ನಿಯಮದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತಿರುವ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ಮುಂದುವರಿಸಲಾಯಿತು. ಕಾನೂನು ನೀಡಿದ ಈ ವಿಶ್ವಾಸಕ್ಕೆ ತಕ್ಕ ಹೊಣೆ, ಆಯುಧದ ಹೊಳಪಿನಲ್ಲಿಲ್ಲ. ಕಣ್ಣಿಗೆ ಕಾಣದ ಅದರ ಒಳಗನ್ನು ಅರಿತು ಕಾಪಾಡುವುದರಲ್ಲಿದೆ.