ನೀರು ಕುಡಿಯದ ಹೀರೋ! ಬಿರುಬಿಸಿಲಲ್ಲೂ ಬೀಟಲ್ ಕಾರು ತಣ್ಣಗಿರೋ ಗುಟ್ಟು

ಸಂಭಾವನೆ ಕೇಳಲ್ಲ. ಮೇಕಪ್ ಬೇಡ. ಕಾಲ್‌ಷೀಟಿಗೆ ಸತಾಯಿಸಲ್ಲ. ಡೈಲಾಗಂತೂ ಒಂದೂ ಇಲ್ಲ. ಆದರೂ ಸಾಲು ಸಾಲು ಚಿತ್ರಗಳಿಗೆ ಇವನೇ ಹೀರೋ! ಯಾರು, ಹೇಳಿ ನೋಡೋಣ? ಸುಳಿವು ಬೇಕೇ? ಮೈಬಣ್ಣ ಬಿಳುಪು, ಮೇಲೆ ಕೆಂಪು ನೀಲಿ ಪಟ್ಟೆ, ಎದೆಯ ಮೇಲೆ 53 ಅನ್ನೋ ನಂಬರು.

ಹೌದು, ಅವನೇ ಹರ್ಬಿ! 1968ರ ಕೊನೆಯಲ್ಲಿ ತೆರೆಕಂಡ ವಾಲ್ಟ್ ಡಿಸ್ನಿ ಸಂಸ್ಥೆಯ 'ದಿ ಲವ್ ಬಗ್' ಚಿತ್ರದ ಕಥಾನಾಯಕ. ರಾಬರ್ಟ್ ಸ್ಟೀವನ್ಸನ್ ನಿರ್ದೇಶನದ ಆ ಚಿತ್ರದಲ್ಲಿ ಡೀನ್ ಜೋನ್ಸ್ ಇದ್ದರು, ನಿಜ. ಆದರೆ ಚಿತ್ರವನ್ನು ಗೆದ್ದುಕೊಂಡದ್ದು 1963ರ ಮಾಡೆಲ್ಲಿನ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರು! ಈ ಪಾತ್ರಕ್ಕೆ ಆಯ್ಕೆ ನಡೆದದ್ದೂ ಒಂದು ಸ್ವಾರಸ್ಯ. ಸ್ಟುಡಿಯೋದವರು ಹಲವು ಕಂಪನಿಗಳ ಕಾರುಗಳನ್ನು ಸಾಲಾಗಿ ನಿಲ್ಲಿಸಿದರಂತೆ. ಊಟಕ್ಕೆ ಹೊರಟ ಕೆಲಸಗಾರರು ಬೇರೆ ಕಾರುಗಳ ಟೈರು ಒದ್ದು, ಸ್ಟೀರಿಂಗ್ ಹಿಡಿದು ನೋಡಿದರು. ಬೀಟಲ್ ಹತ್ತಿರ ಬಂದಾಗ ಮಾತ್ರ ಸಾಕಿದ ನಾಯಿಯ ಹಾಗೆ ಅದರ ಬೆನ್ನು ಸವರಿದರಂತೆ. ಅಲ್ಲಿಗೆ ಹೀರೋ ಸೆಲೆಕ್ಟ್!

ಆ 1968 ಇಂಥ ಗಾಡಿಗಳ ಪಾಲಿಗೆ ಸುಗ್ಗಿಯ ವರ್ಷ. ಅದೇ ವರ್ಷ ಬಂದ 'ಬುಲಿಟ್' ಚಿತ್ರದ ಕಾರ್ ಚೇಸ್ ನೆನಪಿದೆಯೇ? ಸ್ಟೀವ್ ಮೆಕ್ವೀನ್ ಮಸ್ಟಾಂಗ್ ಕಾರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೀದಿಗಳಲ್ಲಿ ಹಾರಿಕೊಂಡು ಹೋಗುತ್ತಾನೆ. ಕಣ್ಣಿಟ್ಟು ನೋಡಿ, ದಾರಿಯಲ್ಲಿ ಒಂದೇ ಹಸಿರು ಬೀಟಲ್ ಮತ್ತೆ ಮತ್ತೆ ಎದುರಾಗುತ್ತೆ! ಎಡಿಟಿಂಗ್ ಎಡವಟ್ಟು. ಹಿಂದೆ ಹಾಕಿದಷ್ಟೂ ಸಲ ಮುಂದೆ ಬಂದು ನಿಲ್ಲೋ ಗಾಡಿ ಅಂತ ಅಭಿಮಾನಿಗಳು ಇವತ್ತಿಗೂ ನಗಾಡ್ತಾರೆ. ಅದೇ ಮೆಕ್ವೀನ್ 1971ರ 'ಲೆ ಮಾನ್ಸ್' ಚಿತ್ರದಲ್ಲಿ ಓಡಿಸಿದ್ದು ಪೋರ್ಷೆ 917. 1981ರ 'ಫಾರ್ ಯುವರ್ ಐಸ್ ಓನ್ಲಿ'ಯಲ್ಲಿ ಜೇಮ್ಸ್ ಬಾಂಡ್ ಖಳರ ಕೈಯಿಂದ ಪಾರಾಗಿದ್ದು ಹಳದಿ ಬಣ್ಣದ ಬಡಪಾಯಿ ಸಿಟ್ರನ್ 2ಸಿವಿಯಲ್ಲಿ.

ಈ ಬೀಟಲ್, ಪೋರ್ಷೆ, ಸಿಟ್ರನ್ ಮೂರಕ್ಕೂ ಇರೋ ನಂಟು ಏನು ಗೊತ್ತೇ? ಮೂರಕ್ಕೂ ರೇಡಿಯೇಟರೇ ಇಲ್ಲ! ಹೊಟ್ಟೆಗೆ ಒಂದು ಲೋಟ ನೀರೂ ಬೇಡ. ಬರೀ ಗಾಳಿ ಕುಡಿದು ಬದುಕೋ ಎಂಜಿನ್ನುಗಳು.

"ನೀರಿಲ್ಲದ ಎಂಜಿನ್ನು ನಮ್ಮ ರಾಯಚೂರು, ಕಲಬುರಗಿ ಬಿಸಿಲಲ್ಲಿ ಬದುಕೀತೇ?" ಅಂತೀರಾ? ಬದುಕುತ್ತೆ. ಆದರೆ ಅದರ ಜೀವ ಎಲ್ಲಿದೆ ಅನ್ನೋದು ಓಡಿಸೋನಿಗೆ ಗೊತ್ತಿರಬೇಕು, ಅಷ್ಟೇ.

ಮರಳುಗಾಡಲ್ಲಿ ಪಾಸಾದ ಗಾಡಿ

ಬೀಟಲ್ ಅಂದರೆ ಜೀರುಂಡೆ. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಈ ಕಾರಿನ ಸೈನಿಕ ಅವತಾರ ಕ್ಯೂಬೆಲ್‌ವಾಗನ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಅದನ್ನು ಉತ್ತರ ಆಫ್ರಿಕಾದ ಮರಳುಗಾಡಿಗೆ ಇಳಿಸಿದ್ದರು. ಸೈನಿಕನಿಗೇ ಕುಡಿಯೋಕೆ ನೀರಿಲ್ಲದ ಕಡೆ ರೇಡಿಯೇಟರಿಗೆ ನೀರು ಕೇಳದ ಗಾಡಿ ಅಂದರೆ ಅದರ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಇನ್ನೊಂದು ಪರೀಕ್ಷೆ 1967ರಲ್ಲಿ. ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ ಮೊದಲ ಸಲ ನಡೆದ 'ಮೆಕ್ಸಿಕನ್ 1000' ರೇಸು. ಗೆದ್ದದ್ದು ಮೇಯರ್ಸ್ ಮ್ಯಾಂಕ್ಸ್ ಅನ್ನೋ ಗಾಡಿ. 27 ಗಂಟೆ 38 ನಿಮಿಷದಲ್ಲಿ ಗುರಿ ಮುಟ್ಟಿದ ಅದರ ಮೈ ಫೈಬರ್ ಗ್ಲಾಸು, ಒಳಗಿನ ಜೀವ ಫೋಕ್ಸ್‌ವ್ಯಾಗನ್ ಎಂಜಿನ್! ಕೊನೆಯ ಹಳೇ ಬೀಟಲ್ ತಯಾರಾಗಿದ್ದೂ ಅದೇ ಮೆಕ್ಸಿಕೋದ ಪ್ಯೂಬ್ಲಾ ಕಾರ್ಖಾನೆಯಲ್ಲಿ, 2003ರ ಜುಲೈ 30ರಂದು. ಅಷ್ಟು ಹೊತ್ತಿಗೆ ಒಟ್ಟು ಲೆಕ್ಕ 2 ಕೋಟಿ 15 ಲಕ್ಷ ದಾಟಿತ್ತು.

ಅಂದ ಹಾಗೆ, ಗಾಳಿ ಕುಡಿಯೋ ಎಂಜಿನ್ನು ನಮಗೇನೂ ಹೊಸದಲ್ಲ. 1980ರಲ್ಲಿ 'ಆಟೋ ರಾಜ' ಬಂದಾಗ ನಮ್ಮ ಶಂಕರ್‌ನಾಗ್ ಹಿಂದೆ ಗುಡುಗುಡು ಅಂತಿದ್ದ ಆಟೋದ ಜಾತಿಯೂ ಇದೇ. ಹಳೇ ಪೆಟ್ರೋಲ್ ಚೇತಕ್ ಸ್ಕೂಟರಿನ ಪಕ್ಕದ ಡೂಮು ತೆಗೆದು ನೋಡಿ. ಫ್ಯಾನು, ಅದರ ಮೇಲೊಂದು ತಗಡಿನ ಕವರು. ಬೀಟಲ್ ಅದೇ ವಂಶದ ದೊಡ್ಡಣ್ಣ!

ಗಾಳಿ ಎಲ್ಲಿಂದ ಬರುತ್ತೆ?

ಬೀಟಲ್ ಎಂಜಿನ್ನು ಇರೋದು ಹಿಂದೆ, ಡಿಕ್ಕಿ ಇರೋದು ಮುಂದೆ. ನಾಲ್ಕು ಸಿಲಿಂಡರ್, ಎಡಕ್ಕೆರಡು ಬಲಕ್ಕೆರಡು ಮಲಗಿಕೊಂಡಿವೆ. ಒಂದೊಂದರ ಮೈತುಂಬಾ ಬುಲೆಟ್ ಮೋಟರ್ ಸೈಕಲ್ಲಿನ ಹಾಗೆ ಪದರ ಪದರ ರೆಕ್ಕೆ. ಆದರೆ ಬುಲೆಟ್ಟಿಗೆ ಎದುರುಗಾಳಿ ನೇರ ಬಡಿಯುತ್ತೆ. ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿರೋ ಬೀಟಲ್ ಎಂಜಿನ್ನಿಗೆ ಆ ಭಾಗ್ಯ ಎಲ್ಲಿ ಬರಬೇಕು? ಅದಕ್ಕೇ ಒಂದು ಫ್ಯಾನು. ಡೈನಮೋದ ಕಡ್ಡಿಯ ಇನ್ನೊಂದು ತುದಿಗೆ ಅದು ಕೂತಿರುತ್ತೆ. ಎಂಜಿನ್ ತಿರುಗಿದರೆ ಬೆಲ್ಟು, ಬೆಲ್ಟು ತಿರುಗಿದರೆ ಡೈನಮೋ, ಡೈನಮೋ ಜತೆಗೆ ಫ್ಯಾನು. ಎಂಜಿನ್ ಜೋರು ಹಿಡಿದಾಗ ಈ ಫ್ಯಾನು ಸೆಕೆಂಡಿಗೆ ಸುಮಾರು 500 ಲೀಟರ್ ಗಾಳಿ ತಳ್ಳುತ್ತೆ! ಆ ಗಾಳಿ ತಗಡಿನ ಗೂಡಿನೊಳಗೆ ಇಳಿದು, ರೆಕ್ಕೆಗಳ ಸಂದಿಯಲ್ಲಿ ನುಗ್ಗಿ, ಬಿಸಿ ಹೊತ್ತುಕೊಂಡು ಕೆಳಗಿನಿಂದ ಆಚೆ ಹೋಗುತ್ತೆ.

ನೆನಪಿಡಿ ಗೆಳೆಯರೇ, ಇಡೀ ಕಥೆ ಇಷ್ಟೇ. ತಣ್ಣನೆ ಗಾಳಿ ಮೇಲಿಂದ ಒಳಗೆ, ಬಿಸಿ ಗಾಳಿ ಕೆಳಗಿಂದ ಹೊರಗೆ. ಇವೆರಡೂ ಭೇಟಿಯಾಗಬಾರದು. ಆದವೋ, ಕಥೆ ದುರಂತ!

ಕೆಂಪು ದೀಪವೇ ಖಳನಾಯಕ

ಬೀಟಲ್‌ನಲ್ಲಿ ಟೆಂಪರೇಚರ್ ಗೇಜೇ ಇಲ್ಲ. ಬಿಸಿ ಏರಿತು ಅಂತ ಹೇಳೋಕೆ ಮುಳ್ಳಿಲ್ಲ, ಹೊಗೆಯಾಡೋಕೆ ರೇಡಿಯೇಟರ್ ಇಲ್ಲ. ಇರೋದು ಮೀಟರಿನೊಳಗೆ ಒಂದು ಪುಟ್ಟ ಕೆಂಪು ದೀಪ. ಬ್ಯಾಟರಿ ಚಾರ್ಜ್ ಆಗ್ತಿಲ್ಲ ಅನ್ನೋ ದೀಪ ಅದು. ಬೇರೆ ಕಾರಿನಲ್ಲಾದರೆ "ಹಾಳಾಗಿ ಹೋಗಲಿ, ಊರು ಸೇರಿ ನೋಡಿಸೋಣ" ಅನ್ನಬಹುದು. ಬೀಟಲ್‌ನಲ್ಲಿ ಹಾಗಂದವನ ಕಥೆ ಮುಗೀತು. ಯಾಕೆಂದರೆ ಡೈನಮೋಗೂ ಫ್ಯಾನಿಗೂ ಇರೋದು ಒಂದೇ ಬೆಲ್ಟು. ದೀಪ ಹತ್ತಿತು ಅಂದರೆ ಬೆಲ್ಟು ಹರಿದಿರಬಹುದು. ಅಂದರೆ ಗಾಳಿ ಬಂದ್! ಮೋಸ ಏನು ಗೊತ್ತೇ? ಬೆಲ್ಟು ಹೋದರೂ ಎಂಜಿನ್ನು ಏನೂ ಆಗಿಲ್ಲವೆಂಬಂತೆ ಓಡ್ತಾನೇ ಇರುತ್ತೆ. ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಜಾಮ್!

ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ ಹೊಸಪೇಟೆ ಕಡೆ ಒಂದು ಹಾಡಿನ ಶೂಟಿಂಗ್ ವರದಿಗೆ ಹೋಗಿದ್ದೆ. ಬಾಡಿಗೆಗೆ ತಂದ ಹಳೇ ಬೀಟಲ್. ಅದರ ಜತೆ ಬಂದಿದ್ದ ಡ್ರೈವರ್ ವಯಸ್ಸಾದವರು, ಮಾತು ಕಡಿಮೆ. ಮಟಮಟ ಮಧ್ಯಾಹ್ನ, ಬಂಡೆ ಮುಟ್ಟಿದರೆ ಬೊಬ್ಬೆ ಏಳೋ ಬಿಸಿಲು. ಲಾಂಗ್ ಶಾಟ್ ಆದ್ದರಿಂದ ಹೀರೋ ಬದಲು ಅವರೇ ಓಡಿಸ್ತಿದ್ದರು. ನಾಲ್ಕನೇ ಟೇಕಿನ ನಡುವೆ ಗಾಡಿ ಗಕ್ಕನೆ ಪಕ್ಕಕ್ಕೆ ನಿಂತಿತು. ಸಹಾಯಕ ನಿರ್ದೇಶಕ ಓಡಿ ಬಂದ.

"ಯಜಮಾನ್ರೇ, ಗಾಡಿ ಚೆನ್ನಾಗೇ ಓಡ್ತಿತ್ತಲ್ಲ! ಇನ್ನೊಂದೇ ಒಂದು ಟೇಕು, ಆಮೇಲೆ ನೋಡ್ಕೊಳ್ಳಿ."

"ಇಲ್ಲ ಸಾರ್. ನಿಮಗೆ ಇನ್ನೊಂದು ಟೇಕು ಸಿಗುತ್ತೆ, ನನಗೆ ಇನ್ನೊಂದು ಎಂಜಿನ್ ಸಿಗಲ್ಲ."

ಬಾಡಿಗೆ ಕಟ್ ಮಾಡ್ತೀವಿ ಅಂದರು, ಕೂಗಾಡಿದರು. ಅವರು ಜಪ್ಪಯ್ಯ ಅನ್ನಲಿಲ್ಲ. ಹಿಂದಿನ ಬಾಗಿಲೆತ್ತಿ ತೋರಿಸಿದರು. ಬೆಲ್ಟು ತುಂಡಾಗಿ ನೇತಾಡ್ತಿತ್ತು! ಎಂಜಿನ್ ಆರೋವರೆಗೆ ನೆರಳಲ್ಲಿ ಕೂತು ಬೀಡಿ ಸೇದಿದರು. ಆಮೇಲೆ ಮುಂದಿನ ಡಿಕ್ಕಿಯಿಂದ ಹೊಸ ಬೆಲ್ಟು, 21ರ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ತೆಗೆದರು. ಸಂಜೆ ಬೆಳಕಲ್ಲಿ ಶಾಟ್ ಓಕೆ ಆಯ್ತು. ಕಾರೂ ತನ್ನ ಕಾಲ ಮೇಲೆ ತಾನೇ ಮನೆಗೆ ಹೋಯ್ತು. ಎಂಜಿನ್ ಜಾಮ್ ಆಗಿದ್ದರೆ ಆ ಮನುಷ್ಯನ ಅನ್ನವೇ ಜಾಮ್ ಆಗ್ತಿತ್ತು. ಅವತ್ತಿನ ಹೀರೋ ಯಾರು ಅಂತ ಯೂನಿಟ್ಟಿನವರಿಗೆಲ್ಲ ಗೊತ್ತಾಗಿತ್ತು.

ಬೆಲ್ಟಿನ ಬಿಗಿ ನೋಡೋದು ಸುಲಭ. ಎಂಜಿನ್ ಆರಿಸಿ, ನಡುಮಧ್ಯ ಹೆಬ್ಬೆರಳಿಂದ ಒತ್ತಿ. ಸುಮಾರು 15 ಮಿಲಿಮೀಟರ್ ಒಳಗೆ ಹೋಗಬೇಕು. ಸಡಿಲವಾಗಿದ್ದರೆ ಪುಲ್ಲಿಯ ಎರಡು ಹೋಳಿನ ನಡುವಿನ ವಾಷರ್ ಒಂದನ್ನು ತೆಗೆದು ಹೊರಗಡೆ ನಟ್ಟಿನ ಕೆಳಗೆ ಹಾಕಿ, ಬಿಗಿಯಾಗುತ್ತೆ. ವಾಷರ್ ಬಿಸಾಡಬೇಡಿ, ಮುಂದಿನ ಬೆಲ್ಟಿಗೆ ಬೇಕು. ಸ್ಪೇರ್ ಬೆಲ್ಟಿಲ್ಲದೆ ಊರು ಬಿಡಲೇಬೇಡಿ.

ತಗಡು ಅಂತ ತಾತ್ಸಾರ ಬೇಡ

ಎಂಜಿನ್ ಇಳಿಸಿ ಕಟ್ಟುವಾಗ ಕೆಲವರು ಮಾಡೋ ಕೆಲಸ ಕೇಳಿ. "ಇದೊಂದು ತಗಡು ಯಾಕೆ? ಈ ರಬ್ಬರ್ ಪಟ್ಟಿ ಹರಿದಿದೆ, ಕಿತ್ತಾಕು." ಆಯ್ತು, ಗಾಡಿಯ ಗ್ರಹಚಾರ ಶುರು! ಸುತ್ತಲಿನ ಆ ತಗಡು, ರಬ್ಬರ್ ಪಟ್ಟಿ ಇರೋದೇ ಮೇಲಿನ ತಣ್ಣನೆ ಗಾಳಿಗೂ ಕೆಳಗಿನ ಬಿಸಿ ಗಾಳಿಗೂ ನಡುವೆ ಗೋಡೆ ಕಟ್ಟೋಕೆ. ಗೋಡೆ ಬಿದ್ದರೆ ಸೈಲೆನ್ಸರ್ ಕಡೆಯ ಬಿಸಿಯನ್ನೇ ಫ್ಯಾನು ಮತ್ತೆ ಎಳೆದುಕೊಂಡು ಮತ್ತೆ ಎಂಜಿನ್ನಿಗೆ ಊದುತ್ತೆ. ಹಳೇ ಸ್ಕೂಟರಿನ ಫ್ಯಾನ್ ಕವರಿಗೂ ಇದೇ ಮಾತು. ಶೋಕಿಗೆ ತೆಗೆಯಬೇಡಿ.

ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಫ್ಯಾನಿನ ಗೂಡಿನೊಳಗೆ ಇಲಿ ಸಂಸಾರ ಹೂಡಿರಬಹುದು, ಒಣಗಿದ ಎಲೆ ತುಂಬಿರಬಹುದು. ಒರೆಸೋ ಬಟ್ಟೆಯನ್ನು ಒಳಗೆ ಮರೆತು ಸ್ಟಾರ್ಟ್ ಮಾಡಿದಿರೋ, ಫ್ಯಾನು ಅದನ್ನೂ ಎಳೆದುಕೊಳ್ಳುತ್ತೆ! ಆಯಿಲ್ ಸೋರಿ, ಧೂಳು ಮೆತ್ತಿ, ರೆಕ್ಕೆಗಳ ಸಂದಿ ಮುಚ್ಚಿದ್ದರೆ ಬಿಚ್ಚಿ ತೊಳೆಸಲೇಬೇಕು.

ಮೂರನೇ ನಂಬರಿನವನ ಗೋಳು

ನಾಲ್ಕು ಸಿಲಿಂಡರಿನಲ್ಲಿ ಪಾಪದವನು ಮೂರನೆಯವನು. ಹಳೇ ಮಾಡೆಲ್ಲಿನಲ್ಲಿ ಆಯಿಲ್ ತಣಿಸೋ ಕೂಲರ್ ಫ್ಯಾನಿನ ಗೂಡಿನೊಳಗೆ ನೇರ ಇವನ ದಾರಿಗೆ ಅಡ್ಡ ನಿಂತಿರುತ್ತೆ. ಬರೋ ಗಾಳಿ ಕಡಿಮೆ, ಬಂದದ್ದೂ ಬಿಸಿ. ವಾಲ್ವ್ ಸುಟ್ಟರೆ ಮೊದಲು ಸುಡೋದು ಸಾಮಾನ್ಯವಾಗಿ ಇವನದೇ. ಕಂಪನಿಯವರೇ ಇದನ್ನು ಒಪ್ಪಿ, 1971ರ ಮಾಡೆಲ್ಲಿನಿಂದ ಕೂಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಬೇರೆ ಗಾಳಿ ದಾರಿ ಕೊಟ್ಟರು. ಹಳೇ ಎಂಜಿನ್ನಿಗೆ ಆ ಹೊಸ ಗೂಡು ಹಾಕಿಸಿಕೊಳ್ಳೋರೂ ಇದ್ದಾರೆ. ಅದಿಲ್ಲದವರು 5000 ಕಿಲೋಮೀಟರಿಗೊಮ್ಮೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಟಪೆಟ್ ಸೆಟ್ ಮಾಡಿಸಿ. ಸಾಮಾನ್ಯವಾಗಿ ಗ್ಯಾಪು 0.15 ಮಿಲಿಮೀಟರ್. ಟಪೆಟ್ ಸದ್ದು ಬಂದರೆ ಹೆದರಬೇಡಿ, ಸದ್ದೇ ಇಲ್ಲದಿದ್ದರೆ ಹೆದರಿ! ಗ್ಯಾಪು ಮುಚ್ಚಿಕೊಂಡ ವಾಲ್ವ್ ಸರಿಯಾಗಿ ಕೂರದೆ ಸುಟ್ಟು ಹೋಗುತ್ತೆ.

ಟೈಮಿಂಗ್ ಹಿಂದುಮುಂದಾದರೂ ಬಿಸಿ ಏರುತ್ತೆ. ಪಾಯಿಂಟಿನ ಗ್ಯಾಪು 0.4 ಇಡಿಸಿ, ಲೈಟ್ ಹಿಡಿಸಿ ಟೈಮಿಂಗ್ ನೋಡಿಸಿ. ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿಪುಡಿ ಬಣ್ಣ ಇದ್ದರೆ ಕ್ಷೇಮ, ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಬೇಯ್ತಾ ಇದೆ ಅಂತ ಅರ್ಥ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಬೆರೆತಿರೋದರಿಂದ ಹಳೇ ಕಾರ್ಬೊರೇಟರಿನಲ್ಲಿ ಈ ತೊಂದರೆ ಜಾಸ್ತಿ. ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಿ ಜೆಟ್ ಬದಲಿಸಿ. ಪೆಟ್ರೋಲ್ ಪೈಪನ್ನೂ ಹೊಸದು ಹಾಕಿಸಿ. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತೆ. ಸುಡೋ ಎಂಜಿನ್ ಮೇಲೆ ಒಂದು ತೊಟ್ಟು ಬಿದ್ದರೂ ಬೆಂಕಿ. ಅದು ಸ್ಟಂಟ್ ಸೀನಲ್ಲ ಸ್ವಾಮೀ, ನಿಜವಾದ ಬೆಂಕಿ!

ಎರಡೂವರೆ ಲೀಟರಿನ ಪ್ರಾಣ

ನೀರಿಲ್ಲದ ಎಂಜಿನ್ನಿಗೆ ಗಾಳಿ ಬಿಟ್ಟರೆ ದಿಕ್ಕು ಆಯಿಲ್. ಅದೂ ಬರೀ ಎರಡೂವರೆ ಲೀಟರ್! ಸೋಸೋಕೆ ಫಿಲ್ಟರ್ ಇಲ್ಲ, ಇರೋದು ಒಂದು ತಂತಿ ಜಾಲರಿ. ಕಂಪನಿ ಲೆಕ್ಕ 5000 ಕಿಲೋಮೀಟರ್. ನಮ್ಮ ಬೇಸಗೆಗೆ 3000ಕ್ಕೇ ಬದಲಿಸಿದರೆ ಎಂಜಿನ್ನಿಗೆ ಆಯುಸ್ಸು. ಎಸ್.ಎ.ಇ. 30 ಸಾಮಾನ್ಯ, ಕಡುಬಿಸಿಲ ಸೀಮೆಗೆ 40. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಎರಡೂವರೆಯಲ್ಲಿ ಅರ್ಧ ಲೀಟರ್ ಸೋರಿದರೆ ಐದರಲ್ಲಿ ಒಂದು ಪಾಲೇ ಹೋದ ಹಾಗೆ!

ಓಡಿಸೋ ಗತ್ತು

ಫ್ಯಾನು ತಿರುಗೋದು ಎಂಜಿನ್ ತಿರುಗಿದಷ್ಟೇ. ಆದ್ದರಿಂದ ಘಾಟಿ ಏರುವಾಗ ಟಾಪ್ ಗೇರಿನಲ್ಲಿ ಗೊರಗೊರ ಅನ್ನಿಸಬೇಡಿ. ಎಂಜಿನ್ ಏದುಸಿರು ಬಿಡುತ್ತೆ, ಫ್ಯಾನು ಮಾತ್ರ ನಿಧಾನ. ಮೂರಕ್ಕೆ ಇಳಿಸಿ, ಎಂಜಿನ್ ಹಗುರಾಗಿ ಹಾಡಲಿ, ಗಾಳಿ ಚೆನ್ನಾಗಿ ಬರುತ್ತೆ. ಬಿಸಿಲ ಹೊತ್ತು ಹೈವೇಯಲ್ಲಿ ಗಂಟೆಗಟ್ಟಲೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ. ದೂರದ ಪಯಣ ಮುಂಜಾನೆ ಇಟ್ಟುಕೊಳ್ಳಿ. ಜೋರಾಗಿ ಓಡಿಸಿ ಬಂದ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಆಫ್ ಮಾಡಿ. ಬೆಲ್ಟು ಹರಿದಿದ್ದರೆ ಮಾತ್ರ ಆ ಕ್ಷಣವೇ ಆಫ್! ಕಾದ ಎಂಜಿನ್ ಮೇಲೆ ಕೊಡಪಾನ ನೀರು ಸುರಿಯೋ ಸಾಹಸ ಬೇಡವೇ ಬೇಡ. ಹೆಡ್ ಬಿರುಕು ಬಿಟ್ಟೀತು.

ಹರ್ಬಿಗೆ ಇದ್ಯಾವುದರ ಚಿಂತೆಯೂ ಇರಲಿಲ್ಲ. ಒಂದು ಕಾರು ಕೈಕೊಟ್ಟರೆ ಅದೇ ಬಣ್ಣ, ಅದೇ ನಂಬರಿನ ಇನ್ನೊಂದು ಹರ್ಬಿ ಸೆಟ್ಟಿನಲ್ಲಿ ರೆಡಿ! ನಿಮ್ಮ ತಾತನ ಶೆಡ್ಡಿನಲ್ಲೋ ಗೆಳೆಯನ ಗ್ಯಾರೇಜಿನಲ್ಲೋ ಇರೋ ಜೀರುಂಡೆಗೆ ಡ್ಯೂಪ್ ಇಲ್ಲ. ತಿಂಗಳಿಗೊಮ್ಮೆ ಬೆಲ್ಟಿಗೆ ಹೆಬ್ಬೆರಳು, ವಾರಕ್ಕೊಮ್ಮೆ ಆಯಿಲ್ಲಿಗೆ ಡಿಪ್‌ಸ್ಟಿಕ್, ದಾರಿಯುದ್ದಕ್ಕೂ ಕೆಂಪು ದೀಪದ ಮೇಲೊಂದು ಕಣ್ಣು... ಇಷ್ಟು ಮಾಡಿ ನೋಡಿ. ಏಪ್ರಿಲ್ ಬರಲಿ, ಮೇ ಬರಲಿ, ನಿಮ್ಮ ಹೀರೋ ಶತದಿನ ಅಲ್ಲ, ಶತವರ್ಷ ಓಡ್ತಾನೆ! ಏನಂತೀರಿ?