ಅನ್ನದ ತಟ್ಟೆಯೂ ದೀಕ್ಷೆಯ ನೀರೂ

ಬರ್ಲಿನ್ ನಗರದ ನೈಋತ್ಯ ಭಾಗದಲ್ಲಿ ಶ್ಟೆಗ್ಲಿತ್ಸ್ ಎಂಬ ಬಡಾವಣೆಯಿದೆ. ಅಲ್ಲಿನ ತ್ರಿಯೇಕ ಲೂಥರನ್ ಸಭೆಯಲ್ಲಿ ಒಂದು ಕಾಲಕ್ಕೆ ಇದ್ದದ್ದು ಸುಮಾರು 150 ಜನ. 2015ರ ಹೊತ್ತಿಗೆ, ಎರಡೇ ವರ್ಷಗಳಲ್ಲಿ, ಆ ಸಂಖ್ಯೆ 600 ದಾಟಿತು. ಹೊಸದಾಗಿ ಸೇರಿದವರಲ್ಲಿ ಹೆಚ್ಚಿನವರು ಇರಾನ್ ಮತ್ತು ಅಫ್ಘಾನಿಸ್ತಾನದಿಂದ ಬಂದವರು, ಮುಸ್ಲಿಂ ಮನೆಗಳಲ್ಲಿ ಹುಟ್ಟಿ ಬೆಳೆದವರು.

ದೀಕ್ಷಾಸ್ನಾನದ ದಿನ ಅವರು ಸಭಾಪಾಲಕ ಗಾಟ್‌ಫ್ರೀಡ್ ಮಾರ್ಟೆನ್ಸ್ ಅವರ ಮುಂದೆ ತಲೆಬಾಗಿ ನಿಲ್ಲುತ್ತಾರೆ. ಸೈತಾನನನ್ನೂ ಅವನ ಕೃತ್ಯಗಳನ್ನೂ ತೊರೆಯುತ್ತೀಯಾ ಎಂಬುದು ಕ್ರೈಸ್ತ ಸಭೆಗಳಲ್ಲಿ ಮೊದಲಿನಿಂದ ಬಂದ ಪ್ರಶ್ನೆ. ಇಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿದೆ: ಇಸ್ಲಾಂ ತೊರೆಯುತ್ತೀಯಾ? ಹೌದು ಎಂದ ಮೇಲೆ ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ನೆತ್ತಿಯ ಮೇಲೆ ನೀರು ಹೊಯ್ಯುತ್ತಾರೆ.

ಆ ಒಂದು ಬೊಗಸೆ ನೀರನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ನೋಡುತ್ತಾರೆ. ಸಭೆಗೆ ಅದು ಹೊಸ ಹುಟ್ಟು. ಊರಲ್ಲಿ ಉಳಿದ ತಾಯಿಗೆ ಮಗ ಕೈತಪ್ಪಿದ ಸುದ್ದಿ. ಆಶ್ರಯದ ಅರ್ಜಿ ನೋಡುವ ಅಧಿಕಾರಿಗೆ ಕಡತದೊಳಗಿನ ಒಂದು ಕಾಗದ. ವಲಸೆ ಬಂದ ಮುಸ್ಲಿಮರ ನಡುವೆ ಯುರೋಪಿನ ಕ್ರೈಸ್ತ ಸಭೆಗಳು ನಡೆಸುತ್ತಿರುವ ಸೇವೆ ಮತ್ತು ಸುವಾರ್ತೆಯ ಕೆಲಸ ತಿಳಿಯಬೇಕಾದರೆ ಈ ನೋಟಗಳನ್ನೆಲ್ಲ ಒಟ್ಟಿಗೆ ನೋಡಬೇಕು.

ಬಾಗಿಲಿಗೆ ಬಂದವರು

ಮುಸ್ಲಿಂ ವಲಸಿಗರು ಜರ್ಮನಿಗೆ ಹೊಸಬರಲ್ಲ. 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದವಾದ ಮೇಲೆ ಕಾರ್ಖಾನೆ, ಗಣಿಗಳ ದುಡಿಮೆಗೆ ಲಕ್ಷಾಂತರ ಜನ ಬಂದರು. 2015ರಲ್ಲಿ ಬಂದವರು ಬೇರೆ ಥರದವರು. ಆ ಒಂದೇ ವರ್ಷ ಸುಮಾರು 8,90,000 ಜನ ಆಶ್ರಯ ಕೋರಿ ಜರ್ಮನಿ ತಲುಪಿದರು. ಸಿರಿಯಾದವರು ಯುದ್ಧದಿಂದ, ಅಫ್ಘಾನರು ತಾಲಿಬಾನಿನಿಂದ, ಇರಾನಿಯರು ತಮ್ಮ ಸರ್ಕಾರದಿಂದ ಓಡಿ ಬಂದಿದ್ದರು.

ಚರ್ಚುಗಳು ಕೊಟ್ಟದ್ದು ಮೊದಲು ಕೋಟು, ಕಂಬಳಿ, ಬಿಸಿ ಊಟ. ಆಮೇಲೆ ಜರ್ಮನ್ ಪಾಠ. ಸರ್ಕಾರದಿಂದ ಬಂದ ಕಾಗದ ಓದಿ ಹೇಳುವುದು, ವಕೀಲರ ಹತ್ತಿರ ಕರೆದೊಯ್ಯುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು. ಮುಸ್ಲಿಂ ಸಂಘಗಳೂ, ಯಾವ ಧರ್ಮಕ್ಕೂ ಸೇರದ ನೆರೆಹೊರೆಯವರೂ ಇದೇ ಕೆಲಸ ಮಾಡಿದರು. ಚರ್ಚಿನಲ್ಲಿ ಇದರ ಜೊತೆಗೆ ಭಾನುವಾರದ ಆರಾಧನೆಯಿತ್ತು, ಅದು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಮೇಜಿತ್ತು. ಕೆಲವರು ಊಟಕ್ಕಷ್ಟೇ ಬಂದರು. ಕೆಲವರು ಆರಾಧನೆಗೂ ನಿಂತರು. ಅವರಲ್ಲಿ ಕೆಲವರು ಊರಲ್ಲಿದ್ದಾಗಲೇ ಗುಟ್ಟಾಗಿ ಕ್ರಿಸ್ತನನ್ನು ನಂಬಿದ್ದವರು.

ಇರಾನಿನಲ್ಲಿ ಆ ಗುಟ್ಟಿಗೆ ಕಾರಣವಿದೆ. ಅಲ್ಲಿನ ಸಂವಿಧಾನ ಕ್ರೈಸ್ತರನ್ನು ಅಲ್ಪಸಂಖ್ಯಾತರೆಂದು ಮನ್ನಿಸುತ್ತದೆ. ಆದರೆ ಆ ಮನ್ನಣೆ ಸಲ್ಲುವುದು ಆರ್ಮೇನಿಯನ್, ಅಸ್ಸೀರಿಯನ್ ಮನೆತನಗಳಲ್ಲಿ ಹುಟ್ಟಿದವರಿಗೆ. ಇಸ್ಲಾಂ ಬಿಟ್ಟು ಬಂದವರಿಗೆ ಅಲ್ಲ. ಮತತ್ಯಾಗ ಎಂಬ ಅಪರಾಧ ಅಲ್ಲಿನ ದಂಡ ಸಂಹಿತೆಯಲ್ಲಿ ಇಲ್ಲ. ಆದರೆ ಕಾನೂನಿನಲ್ಲಿ ಇಲ್ಲದ್ದಕ್ಕೆ ಧರ್ಮಪಂಡಿತರ ಫತ್ವಾ ನೋಡಿ ತೀರ್ಪು ಕೊಡಲು ಸಂವಿಧಾನದ 167ನೇ ವಿಧಿ ನ್ಯಾಯಾಧೀಶರಿಗೆ ಅಧಿಕಾರ ಕೊಟ್ಟಿದೆ. ಮೆಹ್ದಿ ದಿಬಾಜ್ ಎಂಬ ಸಭಾಪಾಲಕರು ವರ್ಷಗಟ್ಟಲೆ ಸೆರೆಯಲ್ಲಿದ್ದು, 1993ರಲ್ಲಿ ಮರಣದಂಡನೆಯ ತೀರ್ಪಿಗೆ ಗುರಿಯಾದರು. ಜಗತ್ತಿನ ಒತ್ತಡದಿಂದ 1994ರ ಜನವರಿಯಲ್ಲಿ ಬಿಡುಗಡೆಯಾದರು. ಆರು ತಿಂಗಳೊಳಗೆ ಅವರ ಶವ ಸಿಕ್ಕಿತು. ಫಾರಸಿಯಲ್ಲಿ ಆರಾಧನೆ ನಡೆಸುತ್ತಿದ್ದ ಚರ್ಚುಗಳು ಒಂದೊಂದಾಗಿ ಮುಚ್ಚಿದ ಮೇಲೆ, ನಂಬಿದವರು ಮನೆಗಳಲ್ಲಿ ಕದ ಹಾಕಿಕೊಂಡು ಸೇರತೊಡಗಿದರು.

ಭಾಷೆಯ ದಾರಿ

ಫಾರಸಿ ನಮಗೆ ದೂರದ ಭಾಷೆಯಲ್ಲ. ಅರ್ಜಿ, ದರ್ಖಾಸ್ತು, ಜಮೀನು ಎಂಬ ಮಾತುಗಳು ನಮ್ಮ ಕಚೇರಿಗಳಿಗೆ ಬಂದದ್ದು ಅದರ ದಾರಿಯಿಂದಲೇ. ಫಾರಸಿಯ ಹೊಸ ಒಡಂಬಡಿಕೆಗೂ ಭಾರತದ ನಂಟಿದೆ. 1806ರಲ್ಲಿ ಕಲ್ಕತ್ತೆಗೆ ಬಂದ ಹೆನ್ರಿ ಮಾರ್ಟಿನ್ ಎಂಬ ಇಂಗ್ಲಿಷ್ ಪಾದ್ರಿ ದಾನಾಪುರ, ಕಾನ್ಪುರಗಳಲ್ಲಿ ಕೆಲಸ ಮಾಡುತ್ತ ಹಿಂದೂಸ್ತಾನಿಗೆ ಹೊಸ ಒಡಂಬಡಿಕೆಯನ್ನು ಅನುವಾದಿಸಿದರು. 1811ರಲ್ಲಿ ಶಿರಾಜ್ ನಗರಕ್ಕೆ ಹೋಗಿ, ಮಿರ್ಜಾ ಸಯ್ಯದ್ ಅಲಿ ಎಂಬ ವಿದ್ವಾಂಸರ ಜೊತೆ ಕೂತು, ಒಂದು ವರ್ಷದೊಳಗೆ ಫಾರಸಿ ಅನುವಾದ ಮುಗಿಸಿದರು. ಊರಿಗೆ ಮರಳುವ ದಾರಿಯಲ್ಲಿ, ಟರ್ಕಿಯ ತೋಕಾತ್‌ನಲ್ಲಿ, 1812ರಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ಹೈದರಾಬಾದಿನಲ್ಲಿ ಇಂದು ಹಿಂದೂ, ಮುಸ್ಲಿಂ, ಕ್ರೈಸ್ತರ ನಡುವೆ ಮಾತುಕತೆ ಮತ್ತು ಸಾಮರಸ್ಯಕ್ಕಾಗಿ ದುಡಿಯುವ ಸಂಸ್ಥೆಯೊಂದಕ್ಕೆ ಅವರ ಹೆಸರೇ ಇದೆ.

ಒಂದು ಕ್ರೈಸ್ತ ಸಭೆ ಮುಸ್ಲಿಂ ಹಿನ್ನೆಲೆಯವರೊಡನೆ ಮಾತಿಗೆ ಕೂತಾಗ ಹತ್ತಿರವೂ ದೂರವೂ ಒಟ್ಟಿಗೇ ಕಾಣುತ್ತವೆ. ಕುರಾನಿನಲ್ಲಿ ಯೇಸು ಈಸಾ ಎಂಬ ಪ್ರವಾದಿ. ಅವನ ತಾಯಿ ಮರಿಯಮ್ಮನ ಹೆಸರಿನಲ್ಲಿ 19ನೇ ಸೂರಾ ಇದೆ. ಸುವಾರ್ತೆಗೆ ಇಂಜೀಲ್ ಎಂಬ ಹೆಸರೂ ಅಲ್ಲಿದೆ. ಫಾರಸಿ ಕ್ರೈಸ್ತರು ದೇವರನ್ನು ಖುದಾ ಎಂದೇ ಕರೆಯುತ್ತಾರೆ, ಯೇಸುವನ್ನು ಈಸಾ ಮಸೀಹ್ ಎನ್ನುತ್ತಾರೆ. ಇಷ್ಟು ದೂರ ಜೊತೆಯಲ್ಲಿ ನಡೆದ ಮೇಲೆ ದಾರಿ ಕವಲಾಗುತ್ತದೆ. ಯೇಸು ಶಿಲುಬೆಯ ಮೇಲೆ ಸತ್ತ ಎಂಬುದನ್ನು ಕುರಾನ್ ಒಪ್ಪುವುದಿಲ್ಲ, ದೇವರಿಗೆ ಮಗನಿದ್ದಾನೆ ಎಂಬುದನ್ನೂ ಒಪ್ಪುವುದಿಲ್ಲ. ಕ್ರೈಸ್ತರಿಗೆ ಇವೆರಡೇ ನಂಬಿಕೆಯ ಬುಡ. ಪ್ರಾಮಾಣಿಕ ಸಭಾಪಾಲಕರು ಈ ಕವಲನ್ನು ಮುಚ್ಚಿಡುವುದಿಲ್ಲ. ದೇವರನ್ನು ತಂದೆ ಎಂದು ಕರೆಯುವುದು ಹೊಸದಾಗಿ ಬಂದವರಿಗೆ ಎಷ್ಟು ಕಷ್ಟವೋ, ಕೆಲವರಿಗೆ ಅಷ್ಟೇ ದೊಡ್ಡ ಸೆಳೆತವೂ ಹೌದು.

ಇಸ್ಫಹಾನಿನ ಒಂದು ಮನೆ

ಮತ ಬದಲಿಸುವುದೆಂದರೆ ಒಂದು ಮನೆತನ ತೆರುವ ಬೆಲೆ ಏನು ಎಂಬುದಕ್ಕೆ ದೆಹ್ಖಾನಿ ಕುಟುಂಬ ಸಾಕ್ಷಿ. ಹಸನ್ ದೆಹ್ಖಾನಿ-ತಫ್ತಿ 1920ರಲ್ಲಿ ಯಜ್ದ್ ಬಳಿಯ ತಫ್ತ್ ಎಂಬ ಹಳ್ಳಿಯಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿದರು. ಮಿಷನ್ ಶಾಲೆಯಲ್ಲಿ ಓದಿ, 18ನೇ ವಯಸ್ಸಿನಲ್ಲಿ ದೀಕ್ಷಾಸ್ನಾನ ಪಡೆದರು. 1961ರಲ್ಲಿ ಇರಾನಿನ ಆಂಗ್ಲಿಕನ್ ಬಿಷಪ್ ಆದರು. ಆ ಪದವಿಗೆ ಬಂದ ಮೊದಲ ಇರಾನಿ ಅವರೇ.

ಕ್ರಾಂತಿ ನಡೆದ 1979ರ ಅಕ್ಟೋಬರ್ ತಿಂಗಳಲ್ಲಿ, ಇಸ್ಫಹಾನಿನ ಮನೆಗೆ ನುಗ್ಗಿದವರು ಹಾಸಿಗೆಯಲ್ಲಿದ್ದ ಬಿಷಪ್ ಮೇಲೆ ಗುಂಡು ಹಾರಿಸಿದರು. ಗುಂಡುಗಳು ತಲೆಯ ಸುತ್ತ ದಿಂಬನ್ನು ಹೊಕ್ಕವು, ಅವರಿಗೆ ತಾಗಲಿಲ್ಲ. ಅಡ್ಡ ಬಿದ್ದ ಹೆಂಡತಿಯ ಕೈಗೆ ಗಾಯವಾಯಿತು. 1980ರ ಮೇ ತಿಂಗಳಲ್ಲಿ ಅವರ ಒಬ್ಬನೇ ಮಗ, 24 ವರ್ಷದ ಬಹ್ರಾಮ್‌ನನ್ನು ಕೊಂದರು. ಕುಟುಂಬ ಇಂಗ್ಲೆಂಡಿಗೆ ಹೋಗಿ ನೆಲೆಸಿತು. ಮಗನನ್ನು ಕೊಂದವರನ್ನು ಕ್ಷಮಿಸುವ ಪ್ರಾರ್ಥನೆಯನ್ನು ತಂದೆ ಬರೆದರು. ಆಗ ಇನ್ನೂ ಹುಡುಗಿಯಾಗಿದ್ದ ಮಗಳು ಗುಲಿ ಫ್ರಾನ್ಸಿಸ್-ದೆಹ್ಖಾನಿ 2021ರಿಂದ ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್‌ನ ಬಿಷಪ್. ಪ್ರಭುಭೋಜನದ ಆರಾಧನಾ ಕ್ರಮ 2019ರಲ್ಲಿ ಫಾರಸಿಯಲ್ಲಿ ಹೊರಬಂದದ್ದರ ಹಿಂದೆಯೂ ಅವರಿದ್ದಾರೆ. ತಾಯ್ನುಡಿಯಲ್ಲಿ ಪ್ರಾರ್ಥಿಸುವ ಭಾಗ್ಯ ಇರಾನಿನಲ್ಲಿ ಕಳೆದುಕೊಂಡವರಿಗೆ ಅದು ಪರದೇಶದಲ್ಲಿ ಮರಳಿ ಸಿಕ್ಕಿತು.

ನಂಬಿಕೆಯನ್ನು ಅಳೆಯುವುದು ಹೇಗೆ?

ಇಲ್ಲಿಂದ ಮುಂದಿನ ಪ್ರಶ್ನೆ ಬಿಗಿಯಾದದ್ದು. ಊರಿಗೆ ಕಳಿಸಿದರೆ ಕ್ರೈಸ್ತನಾದ ಇರಾನಿಗೆ ಸೆರೆಮನೆ ಕಾದಿದೆ ಎಂದಾದರೆ, ಅವನಿಗೆ ಆಶ್ರಯ ಸಿಗಬೇಕು. ಹಾಗಿದ್ದ ಮೇಲೆ ಆಶ್ರಯಕ್ಕಾಗಿಯೇ ಕ್ರೈಸ್ತನಾಗುವವರೂ ಇರಬಹುದಲ್ಲ? ಇರುತ್ತಾರೆ. ಮಾರ್ಟೆನ್ಸ್ ಅವರೇ ಅದನ್ನು ಒಪ್ಪಿದ್ದಾರೆ. ಬಂದ ಕಾರಣ ಏನೇ ಇರಲಿ, ಕೇಳಿದ ಮಾತು ಅನೇಕರನ್ನು ಬದಲಿಸುತ್ತದೆ, ದೀಕ್ಷೆಯ ನಂತರ ಚರ್ಚಿಗೆ ಬರದೆ ಹೋಗುವವರು ಶೇ. 10ರಷ್ಟು ಮಾತ್ರ ಎಂಬುದು 2015ರಲ್ಲಿ ಅವರು ಕೊಟ್ಟ ಅಂದಾಜು.

ಅಧಿಕಾರಿಗೆ ಅಷ್ಟು ಸಾಲದು. ಒಂದು ಕೋಣೆ, ಒಂದು ಮೇಜು, ಅತ್ತ ಅಧಿಕಾರಿ, ಇತ್ತ ಅರ್ಜಿದಾರ, ನಡುವೆ ದುಭಾಷಿ. ಕೆಲವೇ ಗಂಟೆಗಳಲ್ಲಿ ಒಬ್ಬನ ಅಂತರಂಗ ಕಾಗದಕ್ಕೆ ಇಳಿಯಬೇಕು. ದಶಾಜ್ಞೆಗಳು ಯಾವುವು, ಪಂಚಾಶತ್ತಮ ಹಬ್ಬ ಏಕೆ ಎಂಬಂಥ ಪ್ರಶ್ನೆಗಳು ಬರುತ್ತವೆ. ದೀಕ್ಷಾಸ್ನಾನಕ್ಕೆ ಫಾರಸಿಯಲ್ಲಿ ತಾಮೀದ್ ಎನ್ನುತ್ತಾರೆ. ಇಂಥ ಮಾತಿನ ಪರಿಚಯವಿಲ್ಲದ ದುಭಾಷಿ ಸಿಕ್ಕಿದರೆ ಉತ್ತರವೇ ತಿರುಚಿಹೋಗುತ್ತದೆ. ಬಾಯಿಪಾಠ ಮಾಡಿದವನು ಗೆಲ್ಲಬಹುದು. ಅಕ್ಷರ ಬಾರದ, ಆದರೆ ಮನಸಾರೆ ನಂಬಿದ ಹೆಂಗಸು ಸೋಲಬಹುದು. 2019ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಒಬ್ಬ ಇರಾನಿಯ ಅರ್ಜಿ ತಳ್ಳಿಹಾಕುತ್ತ, ಬೈಬಲಿನ ಕೆಲವು ಕಠಿಣ ವಚನಗಳನ್ನು ಎತ್ತಿ ಹೇಳಿ, ಕ್ರೈಸ್ತಧರ್ಮ ಶಾಂತಿಯ ಧರ್ಮ ಎಂಬ ಅವನ ಮಾತೇ ಸರಿಯಲ್ಲ ಎಂದು ಬರೆಯಿತು. ಆ ಪತ್ರ ತನ್ನ ನೀತಿಗೆ ಹೊಂದುವುದಿಲ್ಲ ಎಂದು ಇಲಾಖೆಯೇ ಆಮೇಲೆ ಒಪ್ಪಬೇಕಾಯಿತು.

ನ್ಯಾಯಾಲಯಗಳು ನಿಧಾನವಾಗಿ ದಾರಿ ಹುಡುಕಿವೆ. ಸ್ವೀಡನ್‌ಗೆ ಬಂದು ಕ್ರೈಸ್ತನಾದ ಇರಾನಿಯೊಬ್ಬ, ನಂಬಿಕೆ ತನ್ನ ಖಾಸಗಿ ವಿಷಯವೆಂದು ಅದನ್ನು ಆಶ್ರಯಕ್ಕೆ ಆಧಾರವಾಗಿ ಬಳಸಲು ಮೊದಲು ಒಪ್ಪಿರಲಿಲ್ಲ. ಅವನು ಆ ವಿಷಯ ಮುಂದಿಡದಿದ್ದರೂ, ಗೊತ್ತಾದ ಮೇಲೆ ಅಪಾಯವನ್ನು ತೂಗಿ ನೋಡುವುದು ಸರ್ಕಾರದ ಹೊಣೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಹೇಳಿತು. ಜರ್ಮನಿಯ ಸಂವಿಧಾನ ನ್ಯಾಯಾಲಯ 2020ರಲ್ಲಿ ಇನ್ನೊಂದು ಗೆರೆ ಎಳೆಯಿತು: ಯಾರಿಗೆ ದೀಕ್ಷೆ ಕೊಡಬೇಕೆಂಬುದು ಸಭೆಗೆ ಬಿಟ್ಟದ್ದು, ಆದರೆ ಆ ನಂಬಿಕೆ ಅರ್ಜಿದಾರನ ಬದುಕಿಗೆ ಎಷ್ಟು ಆಳವಾಗಿ ಇಳಿದಿದೆ ಎಂಬುದನ್ನು ನ್ಯಾಯಾಧೀಶರು ಪರಿಶೀಲಿಸಬಹುದು. ವಲಸೆ ಬಂದ ನಂತರ ಮತ ಬದಲಿಸಿದ ಮಾತ್ರಕ್ಕೆ ಅದನ್ನು ಮೋಸವೆಂದು ಎಣಿಸುವಂತಿಲ್ಲ, ಪ್ರತಿ ಪ್ರಕರಣವನ್ನೂ ಬಿಡಿಬಿಡಿಯಾಗಿ ನೋಡಬೇಕು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2024ರಲ್ಲಿ, ಆಸ್ಟ್ರಿಯಾದ ಪ್ರಕರಣವೊಂದರಲ್ಲಿ, ತೀರ್ಪು ಕೊಟ್ಟಿತು.

ಸಂಶಯಕ್ಕೂ ಕಾರಣಗಳು ಒದಗಿವೆ. 2021ರಲ್ಲಿ ಲಿವರ್‌ಪೂಲಿನ ಆಸ್ಪತ್ರೆಯೊಂದರ ಮುಂದೆ ತಾನೇ ತಂದ ಬಾಂಬ್ ಸಿಡಿದು ಸತ್ತವನು ಆಶ್ರಯ ಕೋರಿ ಬಂದು ಅದೇ ನಗರದ ಕಥೀಡ್ರಲ್‌ನಲ್ಲಿ ಕ್ರೈಸ್ತನಾಗಿದ್ದವನು. ಒಬ್ಬನ ಕೃತ್ಯದ ಭಾರ ಪ್ರಾಮಾಣಿಕರಾದ ಸಾವಿರಾರು ಜನರ ಮೇಲೆ ಬಿತ್ತು.

ಸಭೆಗಳೊಳಗೇ ಎರಡು ಮಾತು

ಕ್ರೈಸ್ತರೆಲ್ಲ ಈ ವಿಷಯದಲ್ಲಿ ಒಂದೇ ಮನಸ್ಸಿನವರಲ್ಲ. ಶ್ಟೆಗ್ಲಿತ್ಸ್ ಸಭೆ ಸುವಾರ್ತೆ ಸಾರುವುದನ್ನು ತನ್ನ ಕರ್ತವ್ಯವೆಂದು ತಿಳಿಯುತ್ತದೆ. ಅದೇ ದೇಶದ ರೈನ್‌ಲ್ಯಾಂಡ್ ಪ್ರಾಟೆಸ್ಟಂಟ್ ಸಭೆ, ಮುಸ್ಲಿಮರೊಡನೆ ತಾನು ನಡೆಸುವ ಮಾತುಕತೆಯ ಗುರಿ ಅವರನ್ನು ಮತಾಂತರಿಸುವುದಲ್ಲ ಎಂದು 2018ರಲ್ಲಿ ನಿರ್ಣಯ ಮಾಡಿತು. ಆಸರೆ ಕೇಳಿ ಬಂದವನು ಸಮಬಲದಲ್ಲಿ ಕೂತು ಮಾತಾಡಲಾರ ಎಂಬ ಎಚ್ಚರ ಈ ಬಗೆಯ ನಿಲುವಿಗೆ ಬಲ ಕೊಡುತ್ತದೆ. ಬಯಸಿ ಬಂದವನಿಗೆ ಬಾಗಿಲು ಮುಚ್ಚುವುದು ಅವನ ಸ್ವಾತಂತ್ರ್ಯಕ್ಕೇ ಅಡ್ಡಿ ಎಂಬುದು ಇನ್ನೊಂದು ಪಕ್ಷದ ಮಾತು. ಧರ್ಮ ಬದಲಿಸುವ ಹಕ್ಕು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿಯಲ್ಲಿದೆ. ಆ ವಿಧಿಗೆ ಅಂದು ದನಿಗೂಡಿಸಿದವರಲ್ಲಿ ಪಾಕಿಸ್ತಾನದ ಜಫ್ರುಲ್ಲಾ ಖಾನ್ ಕೂಡ ಒಬ್ಬರು.

ಎರಡೂ ಮಾತಿನಲ್ಲಿ ಹುರುಳಿದೆ. ಎರಡನ್ನೂ ಹೊಂದಿಸುವ ಸೂತ್ರವೊಂದು 2011ರಲ್ಲಿ ಜಿನೀವಾದಲ್ಲಿ ಹೊರಬಂತು. ಜಾಗತಿಕ ಸಭೆಗಳ ಒಕ್ಕೂಟ, ವ್ಯಾಟಿಕನ್ನಿನ ಅಂತರ್ಧರ್ಮೀಯ ಸಂವಾದ ಮಂಡಲಿ, ಜಾಗತಿಕ ಇವ್ಯಾಂಜೆಲಿಕಲ್ ಒಕ್ಕೂಟ, ಈ ಮೂರೂ ಸೇರಿ ಮಾಡಿದ ದಾಖಲೆ ಅದು. ಬಡತನವನ್ನೂ ಅಸಹಾಯಕತೆಯನ್ನೂ ಬಳಸಿಕೊಳ್ಳಬಾರದು, ಆಮಿಷ ಒಡ್ಡಬಾರದು, ಧರ್ಮ ಬದಲಿಸುವವರಿಗೆ ಯೋಚಿಸಲು ಸಾಕಷ್ಟು ಕಾಲಾವಕಾಶ ಇರಬೇಕು ಎಂಬುದು ಅದರ ತಿರುಳು. ಆಸ್ಟ್ರಿಯಾದ ಕ್ಯಾಥೊಲಿಕ್ ಸಭೆ ದೀಕ್ಷೆಗೆ ಮುನ್ನ ಕನಿಷ್ಠ ಒಂದು ವರ್ಷದ ಸಿದ್ಧತೆ ಕೇಳುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಈ ಕಾಲಾವಕಾಶದಲ್ಲಿದೆ. ಅನ್ನದ ತಟ್ಟೆಗೂ ದೀಕ್ಷೆಯ ನೀರಿಗೂ ನಡುವೆ ಸಾಕಷ್ಟು ದೂರ ಇರಬೇಕು. ಆರಾಧನೆಗೆ ಬಾರದವನಿಗೂ ಅದೇ ಬಿಸಿ ಊಟ, ಅದೇ ಭಾಷಾಪಾಠ, ಅದೇ ವಕೀಲರ ನೆರವು ಸಿಗಬೇಕು. ಪಾಠಕ್ಕೆ ಬಂದವಳು ನಡುವೆ ಬೇಡವೆಂದು ಎದ್ದುಹೋದರೂ ಮುಂದಿನ ಭಾನುವಾರ ಅವಳ ಕುರ್ಚಿ ಅಲ್ಲೇ ಇರಬೇಕು. ದೀಕ್ಷೆಯ ಫೋಟೊ ಫೇಸ್‌ಬುಕ್ಕಿಗೆ ಹಾಕುವ ಮುನ್ನ, ಊರಲ್ಲಿರುವ ತಂದೆತಾಯಿಯ ಬಾಗಿಲು ತಟ್ಟುವವರು ಯಾರು ಎಂದು ಯೋಚಿಸಬೇಕು.

ಜೆಪ್ಪುವಿನ ಹೆಂಚು

ಈ ಪ್ರಶ್ನೆಗಳು ಕನ್ನಡಿಗರಿಗೂ ಹಳೆಯ ಗುರುತಿನವು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಅದರ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನರು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಇಬ್ಬರೂ ಆ ನಾಡಿನವರೇ. ಅವರ ಮಾತು ಕೇಳಿ ಕ್ರೈಸ್ತರಾದವರನ್ನು ಮನೆಯವರು ಹೊರಹಾಕಿದರು, ಕುಲಕಸುಬು ಕೈಬಿಟ್ಟಿತು, ಆಸ್ತಿ ಹೋಯಿತು. ಅವರ ಹೊಟ್ಟೆಪಾಡಿಗೆ ಮಿಷನ್ ನೇಯ್ಗೆಯ ಮಗ್ಗ ಹಾಕಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನಂಬಿದ್ದಕ್ಕೆ ಕೆಲಸ ಸಿಕ್ಕಿತೋ, ಕೆಲಸಕ್ಕಾಗಿ ನಂಬಿದರೋ ಎಂಬ ಪ್ರಶ್ನೆ ಅಲ್ಲೂ ಎದ್ದಿತು.

ಆಗ ಜರ್ಮನರು ನಮ್ಮೂರಿಗೆ ಬಂದು ನಮ್ಮ ಭಾಷೆ ಕಲಿತರು. ಈಗ ಅವರ ಊರಿಗೆ ಬಂದವರು ಅವರ ಭಾಷೆ ಕಲಿಯುತ್ತಿದ್ದಾರೆ. ಜೆಪ್ಪುವಿನ ಮೊದಲ ತಲೆಮಾರಿನವರಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತೆಂದು ಇಂದು ಯಾರೂ ಹೇಳಲಾರರು. ಅವರ ಮರಿಮಕ್ಕಳು ಭಾನುವಾರ ಚರ್ಚಿಗೆ ಹೋಗಿ ಕನ್ನಡದಲ್ಲಿ ಹಾಡುತ್ತಾರೆ. ಅವರನ್ನು ಆ ಪ್ರಶ್ನೆ ಕೇಳುವುದರಲ್ಲಿ ಅರ್ಥವಿಲ್ಲ. ಶ್ಟೆಗ್ಲಿತ್ಸ್‌ನ ಊಟದ ಮೇಜಿನ ಸುತ್ತ ಓಡಾಡುತ್ತಿದ್ದ ಇರಾನಿ ಮಕ್ಕಳು ಬೆಳೆದು ದೊಡ್ಡವರಾಗುತ್ತಿದ್ದಾರೆ. ಚರ್ಚಿಗೆ ಹೋಗುವುದೋ, ಮಸೀದಿಗೆ ಮರಳುವುದೋ, ಎರಡೂ ಬೇಡವೆನ್ನುವುದೋ, ಅವರೇ ಆರಿಸಿಕೊಳ್ಳುತ್ತಾರೆ. ಹಾಗೆ ಆರಿಸಿಕೊಂಡದ್ದನ್ನು ಯಾರ ಮೇಜಿಗೂ, ಯಾವ ಕಡತಕ್ಕೂ ಅಂಜದೆ ಬಾಯಿಬಿಟ್ಟು ಹೇಳುವಂತಾದರೆ, ಅಂದು ಬಡಿಸಿದ ಊಟ ಕೊಕ್ಕೆಯಿಲ್ಲದ ಊಟವಾಗಿತ್ತು ಎಂದು ನಂಬಬಹುದು.